ಊರಿಗೆ ಮರಳಿದವಳಿಗೆ ಹೊಲಿಗೆ ಯಂತ್ರ ಸಾಕೇ?

ಅಂಗನವಾಡಿ ಕಾರ್ಯಕರ್ತೆ, ರಾಯಚೂರು ಜಿಲ್ಲೆ:
ಮನೆಗೆಲಸದ ಆಸೆ ತೋರಿಸಿ ಪುಣೆಗೆ ಸಾಗಿಸಿದ್ದ ನಮ್ಮ ಭಾಗದ ಹೆಣ್ಣುಮಗಳೊಬ್ಬಳು ಮನೆಗೆ ಮರಳಿದ್ದಾಳೆ. ಕೈಯಲ್ಲಿ ಹೊಲಿಗೆ ತರಬೇತಿಯ ಪ್ರಮಾಣಪತ್ರ, ಪಡಸಾಲೆಯಲ್ಲಿ ಹೊಸ ಯಂತ್ರ. ರವಿಕೆ ಕೊಡುವವರಿಲ್ಲ, ಕೊಡುವ ನೆಪದಲ್ಲಿ ಕುಳಿತು ಅಲ್ಲಿ ಏನಾಯಿತೆಂದು ಕೆದಕುವವರಿಗೆ ಮಾತ್ರ ಬರವಿಲ್ಲ. ಸ್ವಸಹಾಯ ಸಂಘಕ್ಕೆ ಸೇರಿಸೋಣವೆಂದರೆ ಸದಸ್ಯೆಯರು ಮುಖ ಮುಖ ನೋಡಿಕೊಳ್ಳುತ್ತಾರೆ. ಎಲ್ಲಿಂದ ಶುರು ಮಾಡಲಿ?

ಕಾನೂನು ನೆರವು ಸ್ವಯಂಸೇವಕಿ:
ಅಕ್ಕ, ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಕಲಮಿನಂತೆ ಮಾನವ ಕಳ್ಳಸಾಗಣೆಯ ಸಂತ್ರಸ್ತರಿಗೆ ಉಚಿತವಾಗಿ ವಕೀಲರು ಸಿಗುತ್ತಾರೆ. ಪರಿಹಾರದ ಅರ್ಜಿಗೆ ಆರೋಪಿಗೆ ಶಿಕ್ಷೆಯಾಗುವವರೆಗೆ ಕಾಯಬೇಕಿಲ್ಲ. ಪ್ರಕರಣ ಪುಣೆಯಲ್ಲಿ ದಾಖಲಾಗಿದ್ದರೆ ಅಲ್ಲಿನ ಪ್ರಾಧಿಕಾರಕ್ಕೆ ಬರೆಯಲು ನಮ್ಮ ಜಿಲ್ಲೆಯ ಪ್ರಾಧಿಕಾರದವರನ್ನೇ ಕೇಳಿ. ಸಹಾಯವಾಣಿ 15100.

ಸಂಘಗಳ ಒಕ್ಕೂಟದ ಹಳೆಯ ಲೆಕ್ಕಿಗಳು:
ಕಷ್ಟದಲ್ಲಿರುವ ಹೆಣ್ಣು ಕಂಡರೆ ಸಾಕು, ಹೊಲಿಗೆ ಯಂತ್ರ! ಏನು ಬೇಕೆಂದು ಅವಳನ್ನು ಯಾರಾದರೂ ಕೇಳಿದರೇ? ನಮ್ಮಲ್ಲಿ ಒಬ್ಬಳು ಯಂತ್ರ ಮಾರಿ ಮೇಕೆ ಕೊಂಡಳು, ಅದರಲ್ಲೇ ಬದುಕು ಕಟ್ಟಿಕೊಂಡಳು. ಬ್ಯಾಂಕ್ ಖಾತೆ ಅವಳೊಬ್ಬಳ ಹೆಸರಿನಲ್ಲಿರಲಿ, ಅಣ್ಣತಮ್ಮಂದಿರನ್ನು ಜಂಟಿ ಮಾಡಬೇಡಿ. ಸಂಘದಲ್ಲಿ ಅವಳ ಕಥೆ ಹೇಳಿ ಕನಿಕರ ಗಿಟ್ಟಿಸುವುದೂ ಬೇಡ. ಇಂಥವರ ಮಗಳು, ವಾರದ ಉಳಿತಾಯ ಕಟ್ಟುತ್ತಾಳೆ ಎಂದರೆ ಸಾಕು. ಉಳಿದದ್ದು ಯಾರಿಗೆ ಯಾಕೆ?

ಅಂಗನವಾಡಿ ಕಾರ್ಯಕರ್ತೆ:
ಕೇಳಿದೆ. ಮೇಕೆಯೂ ಬೇಡವಂತೆ. ತಾಲ್ಲೂಕಿನ ಬೇಕರಿಯಲ್ಲಿ ಕೆಲಸ ಕಲಿಯುವ ಆಸೆ, ಸಂಜೆಯ ಬಸ್ಸಿಗೆ ತಾಯಿ ಒಪ್ಪುತ್ತಿಲ್ಲ. ಅವರೊಡನೆ ಮಾತಾಡುತ್ತಿದ್ದೇನೆ. ಸೋಮವಾರ ರಾಯಚೂರಿಗೆ ಹೊರಟಿದ್ದೇವೆ. ಎಫ್‌ಐಆರ್ ಮರಾಠಿಯಲ್ಲಿದೆ, ನಡೆಯುತ್ತದೆಯೇ?

ಕಾನೂನು ನೆರವು ಸ್ವಯಂಸೇವಕಿ:
ಹಾಗೆಯೇ ತನ್ನಿ ಅಕ್ಕ. ಅನುವಾದದ ದಾರಿ ಅಲ್ಲಿಯೇ ವಿಚಾರಿಸೋಣ.