ಕೋಚಿಂಗ್ ಬೇಕಾಗಿರುವುದು ಮಗನಿಗೋ, ನನಗೋ?

ಒಂದೇ ಸಾಕ್ಸ್ (ಪ್ರಶ್ನೆ)

ನನ್ನ ಮಗನಿಗೆ 9 ವರ್ಷ. ಎಡಿಎಚ್‌ಡಿ ಇದೆ ಎಂದು ಹೋದ ವರ್ಷ ಗೊತ್ತಾಯಿತು, ಅಂದರೆ ಗಮನ ನಿಲ್ಲದಿರುವುದು, ಚಡಪಡಿಕೆ. ನಾಲ್ಕು ತಿಂಗಳ ಹಿಂದೆ ಆಟಿಸಂ ಕೂಡ ಇದೆ ಎಂದರು. ಡಾಕ್ಟರು, ಥೆರಪಿ ಎಲ್ಲ ನಡೆಯುತ್ತಿದೆ. ಈಗ ಒಬ್ಬರು "ನೀವು ಪೇರೆಂಟ್ ಕೋಚಿಂಗ್ ತಗೊಳ್ಳಿ" ಎಂದಿದ್ದಾರೆ. ಮನೆಯಲ್ಲಿ ಹೇಳಿದರೆ ನಮ್ಮ ಮಾವನವರು "ಗಣಿತಕ್ಕಾ, ವಿಜ್ಞಾನಕ್ಕಾ?" ಎಂದು ಕೇಳಿದರು. ನಗು ಬಂತು. ಆದರೆ ನನಗೂ ಅದಕ್ಕಿಂತ ಜಾಸ್ತಿ ಏನೂ ಗೊತ್ತಿಲ್ಲ.

ನಮ್ಮ ತೊಂದರೆ ದೊಡ್ಡದಲ್ಲ, ದಿನಾ ಇರುವಂಥದ್ದು. ಬೆಳಿಗ್ಗೆ ಬೂಟು ಹಾಕಿಕೋ ಎಂದು ಕಳಿಸಿದರೆ, ಹತ್ತು ನಿಮಿಷ ಬಿಟ್ಟು ನೋಡಿದಾಗ ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು ನೆಲದ ಮೇಲೆ ಕೂತಿರುತ್ತಾನೆ. ನಾನು ಕಿರುಚುತ್ತೇನೆ. ಅವನು ಕಿವಿ ಮುಚ್ಚಿಕೊಳ್ಳುತ್ತಾನೆ. ನಿನ್ನೆ ಅವನೇ ಕೇಳಿದ: "ಅಮ್ಮಾ, ನೀನು ಬೆಳಿಗ್ಗೆ ಮಾತ್ರ ಯಾಕೆ ಬೇರೆ ಅಮ್ಮ ಆಗ್ತೀಯ?"

ಕೋಚ್ ಏನು ಮಾಡುತ್ತಾರೆ? ನಿಮ್ಮಲ್ಲಿ ಯಾರಾದರೂ ಹೋಗಿದ್ದೀರಾ?

ಕೈ ಸುಟ್ಟುಕೊಂಡವಳು

ಹೋಗಿದ್ದೆ. "90 ದಿನದಲ್ಲಿ ಮಗು ಬೇರೆಯೇ ಆಗುತ್ತೆ" ಎಂದರು. ಪೂರ್ತಿ ಫೀಸು ಮೊದಲೇ ಕಟ್ಟಿದೆ. ಬಂದದ್ದು ಒಂದಷ್ಟು ವಿಡಿಯೋ, ಒಂದು ಪಿಡಿಎಫ್. ಕೋಚ್ ಎಂದು ಬೋರ್ಡ್ ಹಾಕಿಕೊಳ್ಳಲು ಸಾಮಾನ್ಯವಾಗಿ ಯಾವ ಲೈಸೆನ್ಸೂ ಬೇಕಿಲ್ಲ, ನೆನಪಿರಲಿ. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ 1995ರಿಂದ ಇದೆ, ಸರ್ಟಿಫಿಕೇಟ್ ಕೊಡುತ್ತದೆ. ಆದರೆ ಅದು ಕೋಚಿಂಗ್ ಮಾಡಲು ಬರುತ್ತದೆ ಎಂಬುದಕ್ಕೆ. ಆಟಿಸಂ ಬಗ್ಗೆ ಗೊತ್ತಿದೆ ಎಂಬುದಕ್ಕಲ್ಲ. "ನಿಮಗೆ ಆಗದ ಕೆಲಸ ಬಂದರೆ ಯಾರ ಹತ್ತಿರ ಕಳಿಸುತ್ತೀರಿ?" ಎಂದು ಮೊದಲೇ ಕೇಳಿ. ತಡವರಿಸಿದರೆ ಎದ್ದು ಬನ್ನಿ.

ಜೋರು ಗಂಟಲಿನ ಅಪ್ಪ

ನನ್ನ ಮಗಳಿಗೆ 11. ಎಡಿಎಚ್‌ಡಿ. ನಮಗೆ ಒಳ್ಳೆಯವರೇ ಸಿಕ್ಕರು. ಆದರೆ ಮೊದಲ ಆರು ಸಲ ಅವರು ಮಗಳ ಮುಖವನ್ನೇ ನೋಡಲಿಲ್ಲ. ನನಗೆ ಸಿಟ್ಟು ಬಂದಿತ್ತು. ತೊಂದರೆ ಅವಳದ್ದು, ಪಾಠ ನನಗಾ?

ಮೊದಲ ಹೋಂವರ್ಕ್: ಬೆಳಿಗ್ಗೆ ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ ಕಪಾಟಿನ ಮೇಲೆ ಇಡಿ, ಆಮೇಲೆ ಕೂತು ಎಣಿಸಿ. ನಲವತ್ತು ನಿಮಿಷದಲ್ಲಿ ನಾನು 31 ಅಪ್ಪಣೆ ಕೊಟ್ಟಿದ್ದೆ. ಅದರಲ್ಲಿ 14 ಸಲ "ಬೇಗ". ಅವಳು ಮಾತಾಡಿದ್ದು ನಾಲ್ಕೇ ಸಲ, ಎರಡು ಸಲ "ಸಾರಿ". ಅದನ್ನು ಪೂರ್ತಿ ಕೇಳಲು ನನ್ನ ಕೈಲಿ ಆಗಲಿಲ್ಲ.

ಆಮೇಲೆ ಅವರು ಕೇಳಿದ್ದು ಸಾಕ್ಸ್ ಎಲ್ಲಿರುತ್ತೆ, ಬೂಟು ಎಲ್ಲಿರುತ್ತೆ ಅಂತ. ಸಾಕ್ಸ್ ಮಹಡಿಯ ಕೋಣೆಯಲ್ಲಿ, ಬೂಟು ಬಾಗಿಲ ಹತ್ತಿರ. ನಡುವೆ ಒಂದು ಬೆಕ್ಕು, ಅರ್ಧ ಓದಿದ ಪುಸ್ತಕ, ಕಿಟಕಿ. ಇಷ್ಟೆಲ್ಲ ದಾಟುವಷ್ಟು ಹೊತ್ತು "ಸಾಕ್ಸ್ ತರಬೇಕು" ಎಂಬುದು ಅವಳ ತಲೆಯಲ್ಲಿ ನಿಲ್ಲುವುದಿಲ್ಲ. ವರ್ಕಿಂಗ್ ಮೆಮರಿ ಅಂತಾರಲ್ಲ, ಅದು. ರಾತ್ರಿಯೇ ಸಾಕ್ಸ್ ಬೂಟಿನೊಳಗೆ ತುರುಕಿಟ್ಟೆವು. ಇಷ್ಟಕ್ಕೆ ದುಡ್ಡು ಕೊಟ್ಟೆನಾ ಎನ್ನಿಸಿತು. ಹೌದು, ಇಷ್ಟಕ್ಕೇ.

"ಕೆಲವು ದಿನ ತಾನೇ ಮಾಡ್ತಾಳೆ, ಹಾಗಾದರೆ ಸೋಮಾರಿತನ ತಾನೇ?" ಎಂದು ವಾದ ಮಾಡಿದೆ. ಆಗ ಅವರು 2007ರ ಒಂದು ಅಧ್ಯಯನ ತೋರಿಸಿದರು. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್‌ನವರದ್ದು. ಮಿದುಳಿನ ಹೊರಪದರ ಅತಿ ದಪ್ಪವಾಗುವ ಹಂತಕ್ಕೆ ಬೇರೆ ಮಕ್ಕಳು ಸುಮಾರು ಏಳೂವರೆ ವರ್ಷಕ್ಕೆ ಬಂದರೆ, ಎಡಿಎಚ್‌ಡಿ ಇರುವವರು ಹತ್ತೂವರೆಗೆ ಬರುತ್ತಾರೆ. ಅದು ಗುಂಪಿನ ಲೆಕ್ಕ, ನಿಮ್ಮ ಮಗನಿಗೆ ಹಾಗೇ ಅಂಟಿಸಬೇಡಿ. ನಾನು ಮಾತ್ರ "ನಿನ್ನ ವಯಸ್ಸೆಷ್ಟು?" ಎಂದು ಬೈಯುವುದನ್ನು ಅವತ್ತೇ ಬಿಟ್ಟೆ.

ಎಲ್ಲವೂ ನಡೆಯಲಿಲ್ಲ. ಸ್ಟಾರ್ ಚಾರ್ಟ್ ನಾಲ್ಕು ದಿನ ಬಾಳಿತು. ಭಾನುವಾರದ ಬಹುಮಾನ ಸೋಮವಾರದ ಬೆಳಿಗ್ಗೆಗೆ ಕಾಣುವುದೇ ಇಲ್ಲ. ಟೈಮರ್ ಇಟ್ಟರೆ ಗಾಬರಿಯಾಗಿ ಬಕೆಟ್ಟಿಗೆ ಹಾಕಿದಳು. ಈಗ ನಡೆಯುತ್ತಿರುವುದು ಒಂದೇ: ನಾನು ಅವಳ ಪಕ್ಕ ಕೂತು ನನ್ನ ಬೂಟಿನ ಲೇಸು ಕಟ್ಟುತ್ತೇನೆ. ಮಾತಿಲ್ಲ. ಅವಳೂ ಕಟ್ಟುತ್ತಾಳೆ.

ಇನ್ನೊಂದು ವಿಷಯ. ಕೋಚ್ ಮಗಳ ಬಗ್ಗೆ ಪ್ರಶ್ನೆ ಕೇಳಿದಾಗೆಲ್ಲ ನನ್ನ ಹೆಂಡತಿ ನನ್ನ ಕಡೆ ನೋಡುತ್ತಿದ್ದಳು. ಮರೆತುಹೋಗುತ್ತಾ? ಅರ್ಧಕ್ಕೆ ಬಿಡ್ತಾಳಾ? ಮತ್ತೆ ನನ್ನ ಕಡೆ. ಅವಳಿ ಮಕ್ಕಳ ಅಧ್ಯಯನಗಳಲ್ಲಿ ಎಡಿಎಚ್‌ಡಿಗೆ ವಂಶದ ಪಾಲು 70ರಿಂದ 80% ಎಂದು ಬರುತ್ತದಂತೆ. ಮುಂದಿನ ತಿಂಗಳು ನನ್ನ ಪರೀಕ್ಷೆ.

ಥೆರಪಿಸ್ಟ್, ಮಕ್ಕಳ ಜೊತೆ

ಒಂದು ಮಾತು ಸೇರಿಸುತ್ತೇನೆ. ಕೋಚ್ ರೋಗನಿರ್ಣಯ ಮಾಡುವಂತಿಲ್ಲ, ಮಾತ್ರೆ ಬದಲಿಸಿ ಎನ್ನುವಂತಿಲ್ಲ. "ಪೇರೆಂಟ್ ಟ್ರೈನಿಂಗ್" ಮತ್ತು "ಕೋಚಿಂಗ್" ಕೂಡ ಒಂದೇ ಅಲ್ಲ. ಮೊದಲನೆಯದು, ಅಂದರೆ ಮಗುವಿನ ವರ್ತನೆಯನ್ನು ನಿಭಾಯಿಸಲು ತಂದೆತಾಯಿಗೆ ಕೊಡುವ ತರಬೇತಿ, ಅದಕ್ಕೆ ಗಟ್ಟಿ ಪುರಾವೆ ಇದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿಯಲ್ಲಿ, 4 ತುಂಬಿ 6 ತುಂಬದ ಮಕ್ಕಳ ಎಡಿಎಚ್‌ಡಿಗೆ ಮಾತ್ರೆಗಿಂತ ಮೊದಲು ಹೇಳಿರುವುದೇ ಅದನ್ನು. ಕೋಚಿಂಗ್ ಎಂಬ ಪದ ಸಡಿಲ, ಒಳಗೆ ಏನಿದೆ ಎಂದು ಬಿಚ್ಚಿ ನೋಡಬೇಕು. ಮಗು ಸಾಯುವ ಮಾತಾಡಿದರೆ, ಊಟ ನಿದ್ದೆ ಬಿಟ್ಟರೆ, ಕೋಚ್‌ಗೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಕಿವಿ ಮುಚ್ಚಿಕೊಳ್ಳುತ್ತಿದ್ದವನು

ಅಕ್ಕಾ, ನನಗೆ ಈಗ 26. ನಿಮ್ಮ ಮಗನ ಹಾಗೆಯೇ ಎರಡೂ ಇವೆ. ಆದರೆ ಚಿಕ್ಕವನಿದ್ದಾಗ ಒಂದೇ ಹೆಸರು ಸಿಕ್ಕಿತ್ತು. ಮಾನಸಿಕ ತೊಂದರೆಗಳನ್ನು ಗುರುತಿಸಲು ಡಾಕ್ಟರುಗಳು ನೋಡುವ ಅಮೆರಿಕದ ಪುಸ್ತಕ ಡಿಎಸ್‌ಎಂ. 2013ರಲ್ಲಿ ಅದರ ಐದನೆಯ ಆವೃತ್ತಿ ಬರುವವರೆಗೆ ಅದರ ಪ್ರಕಾರ ಒಬ್ಬರಿಗೇ ಆಟಿಸಂ, ಎಡಿಎಚ್‌ಡಿ ಎರಡನ್ನೂ ಬರೆಯುವಂತಿರಲಿಲ್ಲ.

ನನಗೂ ಒಬ್ಬರು ಕಲಿಸಿದ್ದರು. ಕಣ್ಣಲ್ಲಿ ಕಣ್ಣಿಡು, ಕೈ ಆಡಿಸಬೇಡ. ನಾನು ಚೆನ್ನಾಗಿಯೇ ಕಲಿತೆ. ಮನೆಗೆ ಬಂದು ಮಂಚದ ಕೆಳಗೆ ಮಲಗುತ್ತಿದ್ದೆ. ಡೇಮಿಯನ್ ಮಿಲ್ಟನ್ ಅಂತ, ಅವರೂ ಆಟಿಸಂ ಇರುವವರೇ, 2012ರಲ್ಲಿ ಬರೆದರು: ಅರ್ಥವಾಗದಿರುವುದು ಎರಡೂ ಕಡೆಯಿಂದ, ನಮಗೆ ಬೇರೆಯವರು, ಬೇರೆಯವರಿಗೆ ನಾವು. ಕೋಚ್ ಅದನ್ನು ಒಪ್ಪುತ್ತಾರಾ ನೋಡಿ. ಮಗನನ್ನು ಬೇರೆಯವರ ಹಾಗೆ ಕಾಣಿಸುವುದೇ ಅವರ ಗುರಿಯಾದರೆ ಬೇಡ.

ಕಿರುಚಿದಾಗ ನನಗೆ ಶಬ್ದ ಕೇಳಿಸುತ್ತಿತ್ತು, ಪದ ಕೇಳಿಸುತ್ತಿರಲಿಲ್ಲ. ಮತ್ತೆ, ಒಂದೇ ಕಾಲಿಗೆ ಸಾಕ್ಸ್ ಅಂದಿರಲ್ಲ. ಅದು ಮರೆವೇ ಆಗಿರಬೇಕಿಲ್ಲ. ಬೆರಳಿನ ಹತ್ತಿರ ಹೊಲಿಗೆ ಇರುತ್ತೆ. ಒಮ್ಮೆ ಅವನನ್ನೇ ಕೇಳಿ. ಬೆಳಿಗ್ಗೆ ಬೇಡ, ಸಂಜೆ ಆರಾಮಾಗಿ ಇದ್ದಾಗ.

ಒಂದೇ ಸಾಕ್ಸ್

ಎಲ್ಲರಿಗೂ ಥ್ಯಾಂಕ್ಸ್. ಸಂಜೆ ಕೇಳಿದೆ. "ಎರಡೂ ಚುಚ್ಚುತ್ತೆ. ಒಂದನ್ನ ತಡೀತೀನಿ" ಎಂದ. ಎಷ್ಟು ದಿನದಿಂದ ಎಂದರೆ "ಯಾವಾಗ್ಲೂ". ಒಂಬತ್ತು ವರ್ಷ ಆ ಸಾಕ್ಸ್ ಒಗೆದು ಮಡಿಸಿ ಇಟ್ಟವಳು ನಾನು. ಇವತ್ತು ಒಳಗಿನದನ್ನು ಹೊರಗೆ ಮಾಡಿ ಹಾಕಿದೆವು. ಬೂಟು ಹಾಕಲು ಆದರೂ ಆರು ನಿಮಿಷ ಹಿಡಿಯಿತು, ಒಬ್ಬರೂ ಅಳಲಿಲ್ಲ.

ರೆಕಾರ್ಡಿಂಗ್ ನಾಳೆ ಹಾಕುತ್ತೇನೆ, ಭಯ ಇದೆ. ಕೋಚ್ ಜೊತೆ ಗುರುವಾರ ಮಾತು. ಮಗನನ್ನು ಕರೆದುಕೊಂಡು ಹೋಗುತ್ತಿಲ್ಲ. ಕೋಚಿಂಗ್ ನನಗೇ ಎಂದು ಮಾವನವರಿಗೆ ಹೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ "ನಿನಗೆ ಯಾವ ಸಬ್ಜೆಕ್ಟಮ್ಮಾ?" ಎಂದರು.