ದಾವಣಗೆರೆಗೆ ಒಳಾಂಗಣ ಕ್ರೀಡಾಂಗಣ: ಮನವಿಯಲ್ಲಿ ಏನೇನು ಬರೆಯಬೇಕು?

ಪ್ರಶ್ನೆ: ಕಬಡ್ಡಿ ತರಬೇತುದಾರ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳು ಬಯಲಿನಲ್ಲೇ ನಡೆಯುತ್ತವೆ. ನಾಲ್ಕು ಹನಿ ಬಿದ್ದರೂ ಮ್ಯಾಟ್ ಬಿಚ್ಚಿ ಒಂದರ ಮೇಲೊಂದು ಪೇರಿಸಿ, ತಾಡಪಾಲು ಹೊದಿಸಿ, ಹೊರ ಜಿಲ್ಲೆಗಳಿಂದ ಬಂದ ತಂಡಗಳನ್ನು ಕಾಯಿಸಬೇಕಾಗುತ್ತದೆ. ದೊಡ್ಡ ಸಂಗೀತ ಕಾರ್ಯಕ್ರಮಗಳಿಗೂ ಹೈಸ್ಕೂಲ್ ಮೈದಾನದಂಥ ಬಯಲೇ ಗತಿ. ಸುಮಾರು 4,000 ಜನ ಕೂರಬಲ್ಲ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಂಥದ್ದು ನಮಗೂ ಬೇಕೆಂದು ಕೆಲವರು ಸೇರಿ ಮನವಿ ಸಿದ್ಧಪಡಿಸುತ್ತಿದ್ದೇವೆ. ಆಟಕ್ಕೂ ಮನರಂಜನೆಗೂ ಒಂದೇ ಕಟ್ಟಡ ನಿಜವಾಗಿ ಒದಗುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಸಿವಿಲ್ ಎಂಜಿನಿಯರ್

ಖಂಡಿತ ಒದಗುತ್ತದೆ ಸರ್, ಆದರೆ ಅದು ನಕ್ಷೆಯ ಹಂತದಲ್ಲೇ ತೀರ್ಮಾನವಾಗಬೇಕು. ನ್ಯೂಯಾರ್ಕಿನಲ್ಲಿ 1968ರಲ್ಲಿ ತೆರೆದ ಈಗಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಒಳಾಂಗಣ ಕ್ರೀಡಾಂಗಣದಲ್ಲಿ ಐಸ್ ಹಾಕಿಯ ಮಂಜಿನ ನೆಲವನ್ನು ಕರಗಿಸದೆ, ಅದರ ಮೇಲೆ ಶಾಖನಿರೋಧಕ ಹಲಗೆಗಳನ್ನು ಹಾಸಿ, ಅವುಗಳ ಮೇಲೆ ಬ್ಯಾಸ್ಕೆಟ್‌ಬಾಲ್‌ನ ಮರದ ನೆಲವನ್ನು ತುಂಡುತುಂಡಾಗಿ ಜೋಡಿಸುತ್ತಾರೆ. ನಮಗೆ ಮಂಜು ಬೇಕಿಲ್ಲ. ಬೇಕಿರುವುದು ಹಾಗೆ ನೆಲ ಬದಲಿಸುವ ಅನುಕೂಲ, ಅಂದರೆ ಅಂಕಣದ ಮಟ್ಟದಲ್ಲೇ ಒಂದು ದೊಡ್ಡ ಉಗ್ರಾಣ ಮತ್ತು ಲಾರಿ ನೇರವಾಗಿ ಒಳಬರುವಷ್ಟು ಅಗಲದ ಬಾಗಿಲು.

ಅಂಕಣದ ಅಳತೆಯನ್ನು ಹ್ಯಾಂಡ್‌ಬಾಲ್‌ನ 40 ಮೀಟರ್ ಉದ್ದ, 20 ಮೀಟರ್ ಅಗಲಕ್ಕೆ ಹಿಡಿದು ಸುತ್ತ ಜಾಗ ಬಿಟ್ಟರೆ, 28ಕ್ಕೆ 15 ಮೀಟರಿನ ಬ್ಯಾಸ್ಕೆಟ್‌ಬಾಲ್, 18ಕ್ಕೆ 9ರ ವಾಲಿಬಾಲ್, 13ಕ್ಕೆ 10ರ ಕಬಡ್ಡಿ ಎಲ್ಲವೂ ಅದರೊಳಗೆ ಹಿಡಿಸುತ್ತವೆ. ದುಗ್ಗಮ್ಮನ ಜಾತ್ರೆಯ ಮಣ್ಣಿನ ಕುಸ್ತಿ ಬಯಲಿನಲ್ಲೇ ಚೆಂದ. ಆದರೆ ಮ್ಯಾಟ್ ಕುಸ್ತಿಗೆ ಬೇಕಾದ 12 ಮೀಟರ್ ಚೌಕವೂ ಇಲ್ಲಿ ಸಲೀಸಾಗಿ ಸಿಗುತ್ತದೆ. ಎತ್ತರದಲ್ಲಿ ಮಾತ್ರ ಜುಗ್ಗತನ ಬೇಡ. ಬ್ಯಾಸ್ಕೆಟ್‌ಬಾಲ್‌ಗೆ 7 ಮೀಟರ್ ಸಾಕು, ಆದರೆ ವಾಲಿಬಾಲ್‌ನ ವಿಶ್ವಮಟ್ಟದ ಪಂದ್ಯಗಳಿಗೆ ನೆಲದಿಂದ 12.5 ಮೀಟರ್ ಯಾವ ಅಡ್ಡಿಯೂ ಇಲ್ಲದೆ ತೆರವಾಗಿರಬೇಕು.

ಉತ್ತರ 2: ಧ್ವನಿ–ಬೆಳಕಿನ ಕೆಲಸದವನು, ಚಿತ್ರದುರ್ಗ

ಮೇಲಿನವರ ಮಾತಿಗೆ ಛಾವಣಿಯ ವಿಷಯವನ್ನು ಸೇರಿಸುತ್ತೇನೆ. ಸ್ಪೀಕರ್, ದೀಪ, ಪರದೆಗಳನ್ನು ಮೇಲಿನಿಂದ ತೂಗುಹಾಕುವ ಕಾರ್ಯಕ್ರಮದಲ್ಲಿ ಟನ್‌ಗಟ್ಟಲೆ ಭಾರ ಟ್ರಸ್ ಮೇಲೆ, ಅಂದರೆ ಛಾವಣಿಯನ್ನು ಹೊರುವ ಚೌಕಟ್ಟಿನ ಮೇಲೆ, ಬೀಳುತ್ತದೆ. ಆ ಭಾರವನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರದಿದ್ದರೆ ಆಮೇಲೆ ಕೊಕ್ಕೆ ಬೆಸೆದು ಸರಿಪಡಿಸಲು ಹೋಗಬಾರದು, ಅದು ಪ್ರಾಣಕ್ಕೆ ಅಪಾಯ. ಎರಡನೆಯದು ಮಾರ್ದನಿ. ಬರಿಯ ತಗಡಿನ ಛಾವಣಿ ಮತ್ತು ಕಾಂಕ್ರೀಟ್ ಮೆಟ್ಟಿಲುಗಳ ನಡುವೆ ಶಬ್ದ ಹೊಡೆದಾಡಿಕೊಂಡು, ಹಾಡಿನ ಒಂದು ಪದವೂ ಸ್ಪಷ್ಟವಾಗಿ ಕೇಳದು. ಮಳೆ ಸುರಿದರೆ ರೆಫರಿಯ ಸೀಟಿಯೂ ಕೇಳದು. ಛಾವಣಿಯ ಒಳಮೈಗೆ ಶಬ್ದ ಹೀರುವ ಪದರ ಕೊಡಿಸಬೇಕೆಂದು ಮನವಿಯಲ್ಲಿ ಒತ್ತಿ ಬರೆಯಿರಿ, ಏಕೆಂದರೆ ಹಣ ಸಾಲದಾದಾಗ ಮೊದಲು ಕೈಬಿಡುವುದು ಅದನ್ನೇ.

ಉತ್ತರ 3: ಬ್ಯಾಡ್ಮಿಂಟನ್ ಆಡುವ ಹುಡುಗಿಯ ತಾಯಿ

ಗಾಳಿಯ ಬಗ್ಗೆ ಯಾರೂ ಹೇಳಲಿಲ್ಲ. ಷಟಲ್ ತೂಗುವುದು ಹೆಚ್ಚೆಂದರೆ ಐದೂವರೆ ಗ್ರಾಂ. ಏಪ್ರಿಲ್ ಧಗೆಗೆ ಕಿಟಕಿ ತೆರೆದರೆ ಗೆರೆಯೊಳಗೆ ಬೀಳಬೇಕಾದ ಷಟಲ್ ಹೊರಗೆ ತೇಲುತ್ತದೆ, ಮುಚ್ಚಿದರೆ ಮಕ್ಕಳು ಬೆವರಿ ಸುಸ್ತಾಗುತ್ತಾರೆ. ತಂಪು ಗಾಳಿ ಅಂಕಣಕ್ಕೆ ಬೀಸದೆ ಆಸನಗಳ ಕಡೆಯಿಂದ ನಿಧಾನವಾಗಿ ಬರುವ ವ್ಯವಸ್ಥೆ ಇರಲಿ.

ನನ್ನ ದೊಡ್ಡ ಆತಂಕ ಬೇರೆಯೇ ಇದೆ. ಬಾಡಿಗೆಯ ಆದಾಯವಿಲ್ಲದೆ ಇಂಥ ಕಟ್ಟಡದ ವಿದ್ಯುತ್ ಬಿಲ್ಲು, ನಿರ್ವಹಣೆ ನಡೆಯದು ಎಂಬುದನ್ನು ಒಪ್ಪುತ್ತೇನೆ. ಆದರೆ ಮದುವೆ, ಸಮಾವೇಶ, ವಸ್ತುಪ್ರದರ್ಶನಗಳಿಗೆ ವಾರಗಟ್ಟಲೆ ಕೊಟ್ಟು, ಮಕ್ಕಳು ಅಭ್ಯಾಸಕ್ಕೆ ಬಂದಾಗ ಬಾಗಿಲಿಗೆ ಬೀಗ ಕಾಣುವಂತಾದರೆ ಅದನ್ನು ಕ್ರೀಡಾಂಗಣ ಎನ್ನುವುದು ಹೇಗೆ?

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಮೇಡಂ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ಮುಖ್ಯ ಅಂಕಣಕ್ಕೆ ಹೊಂದಿಕೊಂಡಂತೆ, ಎಂದಿಗೂ ಬಾಡಿಗೆಗೆ ಕೊಡದ ಪ್ರತ್ಯೇಕ ಅಭ್ಯಾಸ ಅಂಕಣವೊಂದು ಇರಲೇಬೇಕೆಂಬುದನ್ನು ಮನವಿಯ ಮೊದಲ ಬೇಡಿಕೆಯಾಗಿ ಬರೆಯುತ್ತೇವೆ. ಎಂಜಿನಿಯರ್ ಸರ್, ಆ ಎರಡನೆಯ ಅಂಕಣಕ್ಕೆ ಕನಿಷ್ಠ ಎಷ್ಟು ಜಾಗ ಕೇಳಬೇಕೆಂದು ತಿಳಿಸಿದರೆ ಅದನ್ನೂ ಸೇರಿಸುತ್ತೇವೆ.