ಅಪ್‌ಡೇಟ್: ಸುಲಿದು ತೆಗೆಯಬಹುದಾದ ಸ್ಪ್ರೇ ಬಣ್ಣದ ಅನುಭವ

ನನ್ನ ಬಿಳಿ ಸ್ಪೋರ್ಟ್ಸ್ ಕಾರಿಗೆ, ಬೇಡವೆನಿಸಿದಾಗ ಸುಲಿದು ತೆಗೆಯಬಹುದಾದ ರಬ್ಬರ್ ಲೇಪನವನ್ನು ಸ್ಪ್ರೇ ಮಾಡಿದರೆ ಮೂಲ ಪೇಂಟ್ ಹಾಳಾಗುತ್ತದೆಯೇ ಎಂದು ಹಿಂದೆ ಕೇಳಿದ್ದೆ. ಕೆಲಸ ಮುಗಿದು ಕೆಲವು ತಿಂಗಳಾಗಿವೆ. ಕಾರು ಈಗ ಮ್ಯಾಟ್ ಕಡುಹಸಿರು ಬಣ್ಣದಲ್ಲಿದೆ, ಅದನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಸಿದ್ಧತೆಗೇ ಹೆಚ್ಚು ಸಮಯ ಹಿಡಿಯಿತು. ಹಳೆಯ ವ್ಯಾಕ್ಸ್ ಉಳಿದರೆ ಲೇಪನ ಸರಿಯಾಗಿ ಕೂರುವುದಿಲ್ಲವೆಂದು ನೀವು ಎಚ್ಚರಿಸಿದ್ದರಿಂದ, ಇಡೀ ಕಾರನ್ನು ತೊಳೆದು ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದೆ. ಮೊದಲ ಪದರವನ್ನು ಅಡಿಯ ಬಿಳುಪು ಕಾಣುವಷ್ಟು ತೆಳುವಾಗಿ ಹಾಕಿ, ಪ್ರತಿ ಪದರದ ನಡುವೆ ಸಾಕಷ್ಟು ಬಿಡುವು ಕೊಟ್ಟು, ಒಟ್ಟು 6 ಪದರ ಸ್ಪ್ರೇ ಮಾಡಿದೆ. ಕೊನೆಯ ಪದರ ಹಸಿಯಾಗಿರುವಾಗಲೇ ಮಾಸ್ಕಿಂಗ್ ಟೇಪ್ ಬಿಚ್ಚಿದ್ದರಿಂದ ದೀಪಗಳ ಸುತ್ತ ಅಂಚು ನೇರವಾಗಿ ಬಂದಿತು.

ತಪ್ಪಾದದ್ದು ಬಾಗಿಲಿನ ಅಂಚುಗಳಲ್ಲಿ. ಅಲ್ಲಿ ಕೈ ಬಿಗಿ ಹಿಡಿದು ತೆಳುವಾಗಿ ಬಳಿದಿದ್ದೆ. ಕಳೆದ ವಾರ ಪರೀಕ್ಷೆಗೆಂದು ಒಂದು ಬಾಗಿಲಿನ ಲೇಪನವನ್ನು ಸುಲಿದಾಗ, ನಡುಭಾಗ ಒಂದೇ ಹಾಳೆಯಾಗಿ ಎದ್ದು ಬಂದರೆ, ಅಂಚಿನದು ಚೂರುಚೂರಾಗಿ ಹರಿಯಿತು. ಉಳಿದ ತುಣುಕುಗಳನ್ನು ಹೆಬ್ಬೆರಳಿನಿಂದ ಉಜ್ಜಿ, ಸುರುಳಿ ಮಾಡಿ ತೆಗೆಯಬೇಕಾಯಿತು. ಸುಲಭವಾಗಿ ಸುಲಿಯಬೇಕೆಂದರೆ ದಪ್ಪವಾಗಿಯೇ ಬಳಿಯಬೇಕು ಎಂಬುದು ಆಗ ಮನದಟ್ಟಾಯಿತು. ಅಡಿಯ ಬಿಳಿ ಪೇಂಟ್ ಮಾತ್ರ ಕಲೆಯಿಲ್ಲದೆ ಹೊಳೆಯುತ್ತಿತ್ತು.

ಇನ್ನೊಂದು ವಿಷಯ: ಪೆಟ್ರೋಲ್ ಈ ಲೇಪನವನ್ನು ಕರಗಿಸುತ್ತದೆ. ಟ್ಯಾಂಕ್ ಮುಚ್ಚಳದ ಕೆಳಗೆ ಸೋರಿದ ಎರಡು ಹನಿಗಳಿಂದ ಮೇಲ್ಮೈ ಸುಕ್ಕುಗಟ್ಟಿದೆ. ಬಾಗಿಲಿಗೆ ಮರಳಿ ಬಳಿಯುವಾಗ ಆ ಜಾಗವನ್ನೂ ಸರಿಪಡಿಸುತ್ತೇನೆ.